ಮೂರು ವರ್ಷದ ಬುದ್ಧಿ ನೂರು ವರ್ಷದವರೆಗೇನಾ?

ಹೊಟ್ಟೆಯೊಳಗಿನ ಕೂಸಿನಿಂದ ಮುಪ್ಪಿನವರೆಗೆ ಮನಸ್ಸು ಬೆಳೆಯುವ ಬಗೆ



ಕಳೆದ ಮಳೆಗಾಲದಲ್ಲಿ ಕಾಫಿ ತೋಟದ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿಸಿಕೊಂಡು, ಸಾಲದ ಕಂತು ಬರೆದು, ಇನ್ನೇನು ಪುಸ್ತಕ ಮುಚ್ಚಬೇಕು ಅನ್ನುವಾಗ ಒಬ್ಬ ಸದಸ್ಯೆ ಬಾಯಿಬಿಟ್ಟರು. ಅವರ ಮಗನಿಗೆ 15 ವರ್ಷ. ಮನೆಯಲ್ಲಿ ಮಾತಿಲ್ಲ, ಕೇಳಿದರೆ ಸಿಟ್ಟು, ಶಾಲೆಯಲ್ಲಿ ಎರಡು ವಿಷಯ ಫೇಲು.

"ಅವನು ಹೊಟ್ಟೇಲಿದ್ದಾಗ ಇವರು ಕುಡಿದು ಬಂದು ಹೊಡೀತಿದ್ರು. ನಾನು ಅತ್ತಿದ್ದೇ ಅತ್ತಿದ್ದು. ಮೂರು ತಿಂಗಳ ಕೂಸನ್ನ ಅತ್ತೆ ಮಡಿಲಿಗೆ ಹಾಕಿ ಹಣ್ಣು ಕೊಯ್ಯೋಕೆ ಹೋದೆ. ಅವನನ್ನ ನಾನೇ ಕೆಡಿಸಿದ್ದು. ಇನ್ನು ಸರಿ ಮಾಡೋಕೆ ಆಗಲ್ವಾ ಅಕ್ಕಾ?" ಅಂದರು.

ಹಿಂದೆ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು, "ಮೂರು ವರ್ಷದ ಬುದ್ಧಿ ನೂರು ವರ್ಷದವರೆಗೆ ಅಂತಾರಲ್ಲಮ್ಮ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತಿನ ಮೇಲೆ ಯಾರೂ ಏನೂ ಹೇಳಲಿಲ್ಲ. ನಮಗೂ ಅಲ್ಲೇ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಅವತ್ತು ಹೇಳಬೇಕಾಗಿದ್ದ ಮಾತನ್ನು ಈ ಕರಪತ್ರದಲ್ಲಿ ಬರೆಯುತ್ತಿದ್ದೇವೆ. ಇದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರ ಅಲ್ಲ. ನಮ್ಮಲ್ಲಿ ಎಷ್ಟೋ ಜನ ಇದನ್ನು ಎದೆಯಲ್ಲಿ ಇಟ್ಟುಕೊಂಡೇ ಬದುಕುತ್ತಿದ್ದೇವೆ.

ಮನಸ್ಸಿಗೂ ಮೆಟ್ಟಿಲುಗಳಿವೆ

ಮಗು ಕವುಚಿಕೊಳ್ಳುತ್ತದೆ, ಅಂಬೆಗಾಲಿಡುತ್ತದೆ, ನಿಲ್ಲುತ್ತದೆ, ನಡೆಯುತ್ತದೆ. ದೇಹದ ಈ ಮೆಟ್ಟಿಲುಗಳು ನಮಗೆ ಕಣ್ಣಿಗೆ ಕಾಣುತ್ತವೆ. ಮನಸ್ಸು ಬೆಳೆಯುವುದೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಎರಿಕ್ ಎರಿಕ್ಸನ್ ಎಂಬ ಮನಃಶಾಸ್ತ್ರಜ್ಞರು 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದರು. ಹುಟ್ಟಿನಿಂದ ಮುಪ್ಪಿನವರೆಗೆ ಮನಸ್ಸಿಗೆ ಎಂಟು ಹಂತಗಳಿವೆ ಎಂದು 1950ರಲ್ಲಿ ಬರೆದರು. ಅಲ್ಲಿಯವರೆಗೆ ಮನಸ್ಸಿನ ಬೆಳವಣಿಗೆ ಎಂದರೆ ಬರೀ ಮಕ್ಕಳ ವಿಷಯ ಎಂದೇ ಹೆಚ್ಚಿನವರು ತಿಳಿದಿದ್ದರು. ಮನುಷ್ಯ ಸಾಯುವವರೆಗೂ ಬೆಳೆಯುತ್ತಾನೆ ಎಂದು ಒತ್ತಿ ಹೇಳಿದವರು ಎರಿಕ್ಸನ್. ಅವರ ಹೆಂಡತಿ ಜೋನ್ ಈ ಕೆಲಸದಲ್ಲಿ ಜೊತೆಯಾಗಿದ್ದರು. ಪ್ರತಿ ಹಂತದಲ್ಲೂ ಮನಸ್ಸಿಗೆ ಒಂದು ಮುಖ್ಯ ಕೆಲಸ ಇರುತ್ತದೆ, ಅದು ನಡೆಯಲು ಸುತ್ತಲಿನವರಿಂದ ಏನೋ ಒಂದು ಸಿಗಬೇಕಾಗುತ್ತದೆ ಎನ್ನುವುದು ಇದರ ಸಾರ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸಂಘದ ಉಳಿತಾಯದ ಹಾಗೆ. ಆಯಾ ವಾರದ ಕಂತು ಆಯಾ ವಾರ ಕಟ್ಟಿದರೆ ಹಗುರ. ಈಗ ಒಂದೊಂದೇ ಹಂತ ನೋಡೋಣ. ವಯಸ್ಸಿನ ಲೆಕ್ಕ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಒಬ್ಬರಿಗೆ ಸ್ವಲ್ಪ ಮುಂಚೆ, ಒಬ್ಬರಿಗೆ ಸ್ವಲ್ಪ ತಡ.

ಹೊಟ್ಟೆಯಲ್ಲಿರುವಾಗ

ಆರು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಕೂಸಿಗೆ ಶಬ್ದ ಕೇಳಿಸತೊಡಗುತ್ತದೆ. ತಾಯಿಯ ಎದೆ ಬಡಿತ, ತಾಯಿಯ ಮಾತು ಅದಕ್ಕೆ ಮೊದಲು ಪರಿಚಯ. 1980ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಯಿತು. ಹುಟ್ಟಿ ಮೂರು ದಿನದೊಳಗಿನ ಕೂಸುಗಳ ಬಾಯಿಗೆ ರಬ್ಬರಿನ ತೊಟ್ಟು ಕೊಟ್ಟು, ಒಂದು ರೀತಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳುವಂತೆ ಮಾಡಿದರು. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪುವುದನ್ನೇ ಕಲಿತವು! ಹಾಗಾದರೆ ಆ ದನಿಯ ಗುರುತು ಅವಕ್ಕೆ ಮೊದಲೇ ಇತ್ತು ಎಂದಾಯಿತಲ್ಲವೇ?

ಮೆದುಳು ಕಟ್ಟಿಕೊಳ್ಳುವುದೂ ಇಲ್ಲೇ ಶುರು. ಅದಕ್ಕೆ ಕಬ್ಬಿಣಾಂಶ ಬೇಕು, ಅಯೋಡಿನ್ ಬೇಕು. ಆದ್ದರಿಂದ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಡಬ್ಬಿಯಲ್ಲಿಡದೆ ನುಂಗಬೇಕು, ಅಯೋಡಿನ್ ಇರುವ ಉಪ್ಪನ್ನೇ ಬಳಸಬೇಕು. ಹೆಂಡ, ಬೀಡಿ ಅಷ್ಟೇ ಅಲ್ಲ, ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪೂ ಕೂಸಿಗೆ ಕೆಡುಕು.

ಬಸುರಿಯ ಮನಸ್ಸಿನ ಸ್ಥಿತಿಯೂ ಕೂಸನ್ನು ತಟ್ಟುತ್ತದೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಒಂದು ದಿನ ಅತ್ತರೆ, ಒಂದು ವಾರ ಬೇಸರಪಟ್ಟರೆ ಕೂಸು ಕೆಡುವುದಿಲ್ಲ. ತಿಂಗಳುಗಟ್ಟಲೆ ಹೆದರಿಕೆ, ಹೊಡೆತ, ಹಸಿವು ಇದ್ದರೆ ಮಾತ್ರ ಕೂಸಿಗೆ ತೊಂದರೆಯ ಸಂಭವ ಹೆಚ್ಚು. ಸಂಭವ ಹೆಚ್ಚು ಎಂದರೆ ಆಗಿಯೇ ತೀರುತ್ತದೆ ಎಂದಲ್ಲ. ಮತ್ತೆ, ಹೊಡೆತ ತಿಂದವಳದ್ದು ತಪ್ಪಲ್ಲ. ಹೊಡೆದವನದ್ದು ತಪ್ಪು. ಬಸುರಿಯ ಮನಸ್ಸು ನೆಮ್ಮದಿಯಾಗಿಡುವುದು ಗಂಡನ ಕೆಲಸ, ಅತ್ತೆಮನೆಯ ಕೆಲಸ, ನೆರೆಯವರ ಕೆಲಸ.

ಬಾಣಂತನ ಮತ್ತು ಮೊದಲ ವರ್ಷ: ನಂಬಿಕೆ

ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದುಂಟು. ಅದು ತಾನಾಗೇ ಹೋಗುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, 'ಬದುಕಿದ್ದು ಏನು' ಅನ್ನಿಸುತ್ತಿದ್ದರೆ ಅದು ಖಿನ್ನತೆ ಎಂಬ ಕಾಯಿಲೆ. ನಮ್ಮಂಥ ದೇಶಗಳಲ್ಲಿ ಹೆತ್ತ ತಾಯಂದಿರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಮನಸ್ಸಿನ ಇಂಥ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲದ್ದು ಕೇಳಿಸುವುದು, ಕಾಣಿಸುವುದು, ನಿದ್ದೆಯೇ ಬಾರದಿರುವುದು, ಅಸಂಬದ್ಧ ಮಾತು - ಹಳಬರು ಇದಕ್ಕೆ 'ಬಾಣಂತಿ ಸನ್ನಿ' ಅನ್ನುತ್ತಿದ್ದರು. ಹೀಗಾದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ತಾಯಿ ಕೂಸನ್ನು ಒಂಟಿಯಾಗಿ ಬಿಡಬಾರದು. ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಾ ದಿನ ಕಳೆಯಬೇಡಿ. ಔಷಧದಿಂದ ವಾಸಿಯಾಗುತ್ತದೆ.

ಮೊದಲ ವರ್ಷ ಕೂಸಿನ ಮನಸ್ಸು ಕೇಳುವ ಪ್ರಶ್ನೆ ಒಂದೇ: 'ನಾನು ಅತ್ತರೆ ಯಾರಾದರೂ ಬರ್ತಾರಾ?' ಬಂದರೆ ಲೋಕದ ಮೇಲೆ ನಂಬಿಕೆ ಹುಟ್ಟುತ್ತದೆ. ಎತ್ತಿಕೊಂಡರೆ ರೂಢಿಯಾಗುತ್ತದೆ, ಅಳಲಿ ಬಿಡು ಅನ್ನುವವರಿದ್ದಾರೆ. ಈ ವಯಸ್ಸಿನ ಕೂಸಿಗೆ ಹಠ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೇಕು ಅನ್ನುವುದು ಮಾತ್ರ.

ಬರೀ ಹೊಟ್ಟೆಗೆ ಹಾಕಿದರೆ ಸಾಲದು ಎನ್ನುವುದಕ್ಕೆ ಯುರೋಪಿನ ರೊಮೇನಿಯಾ ದೇಶದ ಅನಾಥಾಲಯಗಳೇ ಸಾಕ್ಷಿ. ಅಲ್ಲಿ ಒಬ್ಬೊಬ್ಬ ಆಯಾಗೆ ಹತ್ತಾರು ಮಕ್ಕಳು. ಹಾಲಿತ್ತು, ಹಾಸಿಗೆ ಇತ್ತು, ಎತ್ತಿ ಮಾತಾಡಿಸುವವರು ಇರಲಿಲ್ಲ. 2000ದಲ್ಲಿ ಅದರ ರಾಜಧಾನಿ ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟರು. ಮನೆ ಸೇರಿದ ಮಕ್ಕಳ ಬುದ್ಧಿ, ಮಾತು, ಒಡನಾಟ ಸುಧಾರಿಸಿದವು. ಅದರಲ್ಲೂ ಎರಡು ವರ್ಷ ತುಂಬುವ ಮೊದಲು ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಸಾಕಿದವರು ಹೆತ್ತವರಲ್ಲ ಎನ್ನುವುದನ್ನು ಗಮನಿಸಿ. ಕೂಸಿಗೆ ಬೇಕಾದ್ದು ತನ್ನದು ಅಂತ ನೋಡಿಕೊಳ್ಳುವ ಒಂದು ಜೀವ. ಅದು ತಾಯಿಯೇ ಆಗಬಹುದು, ಅಜ್ಜಿಯೂ ಆಗಬಹುದು.

ಒಂದರಿಂದ ಆರು: 'ನಾನೇ ಮಾಡ್ತೀನಿ'

ನಡೆಯಲು ಕಲಿತ ಮಗು ಎಲ್ಲದಕ್ಕೂ 'ನಾನೇ' ಅನ್ನುತ್ತದೆ. ಅನ್ನ ತಾನೇ ತಿನ್ನಬೇಕು, ಚಪ್ಪಲಿ ತಾನೇ ಹಾಕಬೇಕು. ಅರ್ಧ ಅನ್ನ ನೆಲಕ್ಕೆ. ನಮಗೆ ಅವಸರ, ಬಸ್ಸಿನ ಹೊತ್ತು. ಆದರೂ ದಿನಕ್ಕೆ ಒಂದೆರಡು ಕೆಲಸವಾದರೂ ಅದರ ಪಾಡಿಗೆ ಬಿಡೋಣ. ಚಡ್ಡಿ ಒದ್ದೆ ಮಾಡಿಕೊಂಡಿತು ಅಂತ ನಾಲ್ಕು ಜನರ ಮುಂದೆ ನಾಚಿಸಿದರೆ, 'ಗುಮ್ಮ ಬಂತು' ಎಂದು ಹೆದರಿಸಿದರೆ ಮಗು ಕಲಿಯುವುದು ಅಳುಕನ್ನು.

ಮೂರು ದಾಟಿದ ಮೇಲೆ ಪ್ರಶ್ನೆಗಳ ಮಳೆ. 'ಚಂದ್ರ ಯಾಕೆ ನಮ್ ಜೊತೆ ಬರ್ತಾನೆ?' ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ 'ನೀನೇನಂತೀಯ?' ಅಂತ ಕೇಳಿ. 'ಬಾಯ್ಮುಚ್ಚು' ಎಂದರೆ ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ, ಕಲಿಯುವ ಆಸೆಯೂ ಮುದುಡುತ್ತದೆ. ಮಣ್ಣಲ್ಲಿ ಅಡುಗೆ ಮಾಡುವುದು, ಟೀಚರ್ ಆಟ ಆಡುವುದು ಕಾಲಹರಣವಲ್ಲ. ಅದೇ ಆ ವಯಸ್ಸಿನ ವಿದ್ಯೆ. ಅಂಗನವಾಡಿ ಇರುವುದೂ ಇದಕ್ಕೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಂಭಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂಗನವಾಡಿ ಎಂದರೆ ಬರೀ ಊಟ, ಮೊಟ್ಟೆ ಎಂದು ತಿಳಿಯದೆ ಮಗುವನ್ನು ದಿನಾ ಕಳಿಸಿ.

ಊಟ ಮಾಡಿಸಲು ಕೈಗೆ ಮೊಬೈಲ್ ಕೊಡುವುದು ಈಗ ಎಲ್ಲ ಮನೆಯಲ್ಲೂ ಇದೆ. ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು ಹಾಡುತ್ತದೆ, ಆದರೆ ಮಗು ನಕ್ಕರೆ ತಿರುಗಿ ನಗುವುದಿಲ್ಲ.

ಶಾಲೆಯ ವಯಸ್ಸು: 'ನನ್ನ ಕೈಲಿ ಆಗುತ್ತೆ'

ಆರರಿಂದ ಹನ್ನೆರಡರವರೆಗೆ ಮಗುವಿಗೆ 'ನಾನೂ ಒಂದು ಕೆಲಸ ಚೆನ್ನಾಗಿ ಮಾಡಬಲ್ಲೆ' ಎನ್ನುವ ಧೈರ್ಯ ಬೇಕು. ಲೆಕ್ಕವೇ ಆಗಬೇಕು ಅಂತಿಲ್ಲ. ಸೈಕಲ್, ಚಿತ್ರ, ಹಾಡು, ಕರು ನೋಡಿಕೊಳ್ಳುವುದು ಯಾವುದಾದರೂ ಸರಿ. 'ಪಕ್ಕದ ಮನೆಯವನನ್ನ ನೋಡು', 'ಅಕ್ಕನ ಹಾಗೆ ನಿನಗೆ ತಲೆ ಇಲ್ಲ' ಎಂಬ ಮಾತುಗಳು ಆ ಧೈರ್ಯವನ್ನು ಕೊಯ್ದುಹಾಕುತ್ತವೆ. ಬುದ್ಧಿ ಚುರುಕಾಗಿದ್ದೂ ಅಕ್ಷರ ಹಿಂದುಮುಂದಾಗಿ ಬರೆಯುವ, ಓದಲು ತಿಣುಕುವ ಮಕ್ಕಳಿದ್ದಾರೆ. ಅದು ಸೋಮಾರಿತನವಲ್ಲ, ಕಲಿಕೆಯ ತೊಂದರೆ. ಹೊಡೆದರೆ ಹೋಗುವುದಿಲ್ಲ. ಶಿಕ್ಷಕರ ಹತ್ತಿರ ಮಾತಾಡಿ, ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವೇ ತಪ್ಪು ಮಾಡುತ್ತೇವೆ. ಗಂಡುಮಗ ಆಟಕ್ಕೆ, ಹೆಣ್ಣುಮಗಳು ತಮ್ಮನನ್ನು ಎತ್ತಿಕೊಳ್ಳೋಕೆ. ಕೆಲಸ ಕಲಿಯಲಿ, ಇಬ್ಬರೂ ಕಲಿಯಲಿ. ಆಟ ಇಬ್ಬರಿಗೂ ಇರಲಿ.

ಹರೆಯ: 'ನಾನು ಯಾರು?'

ಇತ್ತ ಮಗುವೂ ಅಲ್ಲ, ಅತ್ತ ದೊಡ್ಡವರೂ ಅಲ್ಲ. ಮೈ ಬದಲಾಗುತ್ತದೆ, ದನಿ ಒಡೆಯುತ್ತದೆ, ಹುಡುಗಿ ದೊಡ್ಡವಳಾಗುತ್ತಾಳೆ. ಆದರೆ ಮುಂದಾಲೋಚನೆ ಮಾಡುವ, ಸಿಟ್ಟನ್ನು ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25 ವರ್ಷದ ಹೊತ್ತಿಗೆ. ಗಾಡಿಗೆ ಇಂಜಿನ್ ಜೋರಾಗಿದೆ, ಬ್ರೇಕ್ ಇನ್ನೂ ಪೂರ್ತಿ ಕೂತಿಲ್ಲ, ಹಾಗೆ. ಆದ್ದರಿಂದ ಒಂದು ಕ್ಷಣ ಬಾಗಿಲು ಬಡಿಯುವುದು, ಇನ್ನೊಂದು ಕ್ಷಣ ಕಣ್ಣೀರು. 'ನಾನು ಯಾರು, ಮುಂದೆ ಏನಾಗಬೇಕು, ನನ್ನನ್ನ ಯಾರು ಇಷ್ಟಪಡ್ತಾರೆ?' ಎಂಬ ಹುಡುಕಾಟ ಒಳಗೆ ನಡೆದಿರುತ್ತದೆ. ತಂದೆತಾಯಿಗಿಂತ ಗೆಳೆಯರ ಮಾತು ದೊಡ್ಡದಾಗಿ ಕಾಣುತ್ತದೆ. ಇದು ನಮ್ಮನ್ನು ತಿರಸ್ಕರಿಸಿದ್ದಲ್ಲ. ಗೂಡಿನಿಂದ ಹಾರುವ ಮೊದಲು ರೆಕ್ಕೆ ಬಡಿಯುವ ಹಾಗೆ.

ಈ ವಯಸ್ಸಿನಲ್ಲಿ ಉಪದೇಶ ಕಡಿಮೆ, ಕಿವಿ ಹೆಚ್ಚು ಇರಬೇಕು. ಎದುರು ಕೂರಿಸಿ ವಿಚಾರಣೆ ಮಾಡಿದರೆ ಬಾಯಿಬಿಡದ ಹುಡುಗ, ಜೊತೆಗೆ ಸೌದೆ ಒಡೆಯುವಾಗ, ದಾರಿಯಲ್ಲಿ ನಡೆಯುವಾಗ ತಾನಾಗೇ ಹೇಳಿಯಾನು. ಆದರೆ ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಇಷ್ಟದ ಆಟವನ್ನೂ ಗೆಳೆಯರನ್ನೂ ಬಿಟ್ಟರೆ, 'ಸಾಯ್ತೀನಿ' ಎಂದು ಒಂದು ಸಲ ಅಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 'ಸಾಯಬೇಕು ಅನ್ನಿಸ್ತಿದ್ಯಾ ಮಗಾ?' ಅಂತ ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಕೇಳಿ, ಜೊತೆಯಲ್ಲಿರಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

18 ತುಂಬುವ ಮೊದಲು ಹೆಣ್ಣುಮಗಳ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಒಂದು ಕಡೆ ಇರಲಿ. 'ನಾನು ಯಾರು' ಎಂದು ತಿಳಿಯುವ ಮೊದಲೇ ಅವಳು ಯಾರದೋ ಹೆಂಡತಿ, ಯಾರದೋ ಸೊಸೆ, ಯಾರದೋ ತಾಯಿ. ಒಂದು ಇಡೀ ಮೆಟ್ಟಿಲನ್ನೇ ನಾವು ಕಿತ್ತುಕೊಂಡ ಹಾಗೆ.

ಹೊಸ ಸಂಸಾರ: ಜೊತೆ

ಇಪ್ಪತ್ತು ದಾಟಿದ ಮೇಲೆ ಮನಸ್ಸು ಹುಡುಕುವುದು ಜೊತೆಯನ್ನು. ಜೊತೆ ಎಂದರೆ ಒಂದೇ ಸೂರಿನಡಿ ಇರುವುದಷ್ಟೇ ಅಲ್ಲ, ಹೆದರಿಕೆ ಇಲ್ಲದೆ ಮಾತಾಡಲು ಆಗುವುದು. ಗದ್ದೆಯಲ್ಲಿ ನಾಟಿ ಮಾಡಿದ ಪೈರು ಮೊದಲ ಕೆಲವು ದಿನ ಬಾಡುತ್ತದೆ, ನೀರು ಸರಿಯಾಗಿದ್ದರೆ ಬೇರು ಬಿಟ್ಟು ಎದ್ದು ನಿಲ್ಲುತ್ತದೆ. ಮನೆಗೆ ಬಂದ ಸೊಸೆಯೂ ಹಾಗೆ. ನಾವು ಸೊಸೆಯಾಗಿದ್ದಾಗ ಏನು ಸಿಗಲಿಲ್ಲ ಎಂದು ಅತ್ತೆವೋ ಅದನ್ನು ನಮ್ಮ ಸೊಸೆಗೆ ಕೊಡುತ್ತಿದ್ದೇವಾ? ಮದುವೆಯಾಗದೆ ಇರುವವರಿಗೂ, ಗಂಡನನ್ನು ಕಳೆದುಕೊಂಡವರಿಗೂ ಜೊತೆ ಬೇಕು. ಅದು ಗೆಳತಿಯಾಗಬಹುದು, ತಂಗಿಯಾಗಬಹುದು, ನಮ್ಮ ಸಂಘವೂ ಆಗಬಹುದು.

ನಡುವಯಸ್ಸು: ಕೊಡುವ ಕಾಲ

ನಮ್ಮ ಸದಸ್ಯೆಯರಲ್ಲಿ ಹೆಚ್ಚಿನವರು ಇರುವುದು ಇಲ್ಲೇ. ಒಂದು ಕೈಯಲ್ಲಿ ಮಕ್ಕಳ ಫೀಸು, ಇನ್ನೊಂದು ಕೈಯಲ್ಲಿ ಅತ್ತೆ ಮಾವನ ಔಷಧಿ. ನಲವತ್ತೈದರ ಆಚೀಚೆ ಮುಟ್ಟು ನಿಲ್ಲುವ ಸಮಯ. ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಕಾರಣವಿಲ್ಲದೆ ರೇಗುವುದು ಉಂಟು. 'ಇವಳಿಗೆ ಏನೋ ಆಗಿದೆ' ಎಂದು ಮನೆಯವರು ಅಂದಾಗ ನಮಗೂ ಹಾಗೇ ಅನ್ನಿಸುತ್ತದೆ. ಇದು ದೇಹದ ಬದಲಾವಣೆ. ತೊಂದರೆ ಹೆಚ್ಚಾದರೆ ಚಿಕಿತ್ಸೆ ಇದೆ.

ಈ ವಯಸ್ಸಿನ ಮನಸ್ಸಿಗೆ 'ನಾನು ಇದ್ದದ್ದರಿಂದ ನಾಲ್ಕು ಜನಕ್ಕೆ ಒಳ್ಳೆಯದಾಯಿತು' ಎನ್ನುವ ತೃಪ್ತಿ ಬೇಕು. ಮಕ್ಕಳನ್ನು ಬೆಳೆಸುವುದರಿಂದ ಮಾತ್ರ ಅದು ಸಿಗಬೇಕೆಂದಿಲ್ಲ. ಹೊಸ ಸದಸ್ಯೆಗೆ ಸಹಿ ಮಾಡಲು ಕಲಿಸಿದವರು, ಬ್ಯಾಂಕಿಗೆ ಜೊತೆಯಾಗಿ ಹೋದವರು, ಗ್ರಾಮಸಭೆಯಲ್ಲಿ ನೀರಿಗಾಗಿ ಎದ್ದು ನಿಂತು ಮಾತಾಡಿದವರು ಇದನ್ನೇ ಮಾಡಿದ್ದಾರೆ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಸಂಘದಲ್ಲಿ ಲೆಕ್ಕ ಬರೆಯಲು ಕಲಿತವರು ನಮ್ಮಲ್ಲಿದ್ದಾರೆ. 'ನನ್ನ ಕೈಲಿ ಆಗುತ್ತೆ' ಎಂಬ ಶಾಲೆಯ ವಯಸ್ಸಿನ ಕಂತನ್ನು ಅವರು ನಲವತ್ತರಲ್ಲಿ ಕಟ್ಟಿದರು!

ಮುಪ್ಪು: 'ಬದುಕಿದ್ದು ಸಾರ್ಥಕವಾಯ್ತಾ?'

ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ ಎಂದು ನಮಗೆ ಬೇಸರ. ಆದರೆ ಹಿಂದಿನದನ್ನು ಮೆಲುಕು ಹಾಕುವುದು ಈ ಹಂತದ ಮುಖ್ಯ ಕೆಲಸ. ಪಟ್ಟ ಕಷ್ಟ, ಕಳೆದುಕೊಂಡ ಕೂಸು, ಕಟ್ಟಿದ ಮನೆ ಎಲ್ಲವನ್ನೂ ಒಟ್ಟು ಮಾಡಿ 'ಇದು ನನ್ನ ಬದುಕು, ಪರವಾಗಿಲ್ಲ' ಎಂದು ಒಪ್ಪಿಕೊಳ್ಳಲು ಅವರಿಗೆ ಕೇಳುವ ಕಿವಿ ಬೇಕು. 'ಏನೂ ಮಾಡಬೇಡಿ, ಸುಮ್ಮನೆ ಕೂತಿರಿ' ಅನ್ನುವುದು ಪ್ರೀತಿಯ ಮಾತೇ ಇರಬಹುದು, ಅವರಿಗೆ ಅದು 'ನೀವು ಬೇಡ' ಎಂದು ಕೇಳಿಸುತ್ತದೆ. ಸೊಪ್ಪು ಸೋಸಲಿ, ಮೊಮ್ಮಗುವಿಗೆ ಕಥೆ ಹೇಳಲಿ, ಬೀಜ ಯಾವಾಗ ಹಾಕಬೇಕು ಎಂದು ಅವರನ್ನೇ ಕೇಳೋಣ.

ಒಲೆ ಮೇಲೆ ಇಟ್ಟದ್ದು ಮರೆಯುವುದು ಒಂದು. ಒಲೆ ಹಚ್ಚುವುದು ಹೇಗೆ ಎಂದೇ ಮರೆಯುವುದು, ನಡೆದ ದಾರಿ ತಪ್ಪುವುದು, ಮನೆಯವರ ಗುರುತು ಸಿಗದಿರುವುದು ಇನ್ನೊಂದು. ಎರಡನೆಯದು ಅರಳುಮರಳು ಎಂದು ಬಿಟ್ಟುಬಿಡುವಂಥದ್ದಲ್ಲ. ಅದು ಡಿಮೆನ್ಶಿಯಾ ಎಂಬ ಮೆದುಳಿನ ಕಾಯಿಲೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಇದು ಇರಬಹುದು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬೇಗ ತೋರಿಸಿದರೆ ನೋಡಿಕೊಳ್ಳುವವರಿಗೂ ದಾರಿ ಸಿಗುತ್ತದೆ. ಇನ್ನು ಕೆಲವರ ಮರೆವಿಗೆ ಖಿನ್ನತೆ ಕಾರಣವಾಗಿರುತ್ತದೆ, ಅದು ವಾಸಿಯಾಗುತ್ತದೆ.

ಎರಿಕ್ಸನ್ ತೀರಿಕೊಂಡದ್ದು 1994ರಲ್ಲಿ, 91ನೇ ವಯಸ್ಸಿಗೆ. ಆಮೇಲೆ ಜೋನ್, ತಾವೂ 90 ದಾಟಿದ ಮೇಲೆ, ಎಂಟು ಸಾಲದು, ಕಡುಮುಪ್ಪಿಗೆ ಒಂಬತ್ತನೇ ಹಂತ ಬೇಕು ಎಂದು ಬರೆದರು. ಮೈ ಸೋತಾಗ ಕೂಸಿನ ಮೊದಲ ಪ್ರಶ್ನೆ ಮತ್ತೆ ಎದುರು ಬರುತ್ತದೆ: 'ನಾನು ಕರೆದರೆ ಯಾರಾದರೂ ಬರ್ತಾರಾ?'

ತಪ್ಪಿಹೋದ ಕಂತು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೊದಲ ಮೆಟ್ಟಿಲಲ್ಲೇ ಎಡವಿದರೆ ಮುಗೀತಾ?

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದು ಒಂದು. ಆಗ ಅಲ್ಲಿ ಕಬ್ಬಿನ ತೋಟ, ಅನಾನಸ್ ತೋಟ. ಜಪಾನ್, ಫಿಲಿಪ್ಪೀನ್ಸ್ ಮುಂತಾದ ಕಡೆಯಿಂದ ಕೂಲಿಗೆಂದು ಬಂದವರ ಮನೆಗಳೇ ಹೆಚ್ಚು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು, ತಾಯಂದಿರು ಬಸುರಿಯಾಗಿದ್ದಾಗಿನಿಂದಲೇ ಹಿಡಿದು, ಅವರ 40ನೇ ವಯಸ್ಸಿನವರೆಗೆ ಗಮನಿಸಿದರು. ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು ಅದನ್ನು ಬರೆದಿಟ್ಟರು.

ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಎರಡು ವರ್ಷ ತುಂಬುವ ಮೊದಲೇ ಕಷ್ಟದ ಮೇಲೆ ಕಷ್ಟ: ಬಡತನ, ಹೆರಿಗೆಯಲ್ಲಿ ತೊಂದರೆ, ಮನೆಯಲ್ಲಿ ಜಗಳ, ತಂದೆಯ ಕುಡಿತ, ತಾಯಿಗೆ ಮಾನಸಿಕ ಕಾಯಿಲೆ. ಇಂಥವರಲ್ಲಿ ಹೆಚ್ಚಿನವರು ಹತ್ತರಲ್ಲಿ ಅಥವಾ ಹದಿನೆಂಟರಲ್ಲಿ ತೊಂದರೆಗೆ ಸಿಕ್ಕಿದರು. ಅದನ್ನು ಮುಚ್ಚಿಡುವುದು ಬೇಡ. ಆದರೆ ಮೂರರಲ್ಲಿ ಒಬ್ಬರು, ಅಂದರೆ 72 ಮಕ್ಕಳು, ಅಷ್ಟೆಲ್ಲ ಇದ್ದರೂ ಒಳ್ಳೆಯ, ದುಡಿಯುವ, ಪ್ರೀತಿಸುವ ದೊಡ್ಡವರಾದರು. ಅವರನ್ನು ಹಿಡಿದು ನಿಲ್ಲಿಸಿದ್ದು ಏನೇನು ಎಂದು ನೋಡಿದಾಗ ಎದ್ದು ಕಂಡದ್ದು: ಪ್ರತಿಯೊಬ್ಬರಿಗೂ ಒಬ್ಬರಾದರೂ ಗಟ್ಟಿ ಆಸರೆ ಇದ್ದರು. ಅಜ್ಜಿಯೋ, ಚಿಕ್ಕಮ್ಮನೋ, ಅಕ್ಕನೋ, ಒಬ್ಬ ಟೀಚರೋ.

ಇನ್ನೂ ದೊಡ್ಡ ಸಂಗತಿ ಇದೆ. ಹದಿನೆಂಟರಲ್ಲಿ ದಾರಿ ತಪ್ಪಿದ್ದಾರೆ ಎನಿಸಿಕೊಂಡವರಲ್ಲಿ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ಸರಿದಾರಿಗೆ ಬಂದಿದ್ದರು. ಮತ್ತೆ ಓದಿದ್ದು, ಕೆಲಸ ಕಲಿತದ್ದು, ಒಳ್ಳೆಯ ಬಾಳಸಂಗಾತಿ ಸಿಕ್ಕಿದ್ದು, ನಂಬಿಕೆಯ ಸಮುದಾಯವೊಂದರ ಜೊತೆ ಸೇರಿದ್ದು ಅವರಿಗೆ ಎರಡನೇ ಅವಕಾಶವಾಯಿತು.

ಆದ್ದರಿಂದ ನಮ್ಮ ಗಾದೆ ಅರ್ಧ ನಿಜ. ಮೊದಲ ಮೂರು ವರ್ಷ ಬಹಳ ಮುಖ್ಯ, ಅದರಲ್ಲಿ ಅನುಮಾನವಿಲ್ಲ. ತಪ್ಪಿದ ಕಂತಿಗೆ ಬಡ್ಡಿ ಬೀಳುತ್ತದೆ, ಆಮೇಲೆ ಕಟ್ಟುವಾಗ ಶ್ರಮ ಹೆಚ್ಚು, ಕೆಲವು ಸಲ ಪೂರ್ತಿ ತೀರುವುದೂ ಇಲ್ಲ. ಆದರೆ ಮನಸ್ಸಿನ ಪಾಸ್ ಪುಸ್ತಕವನ್ನು ಮೂರು ವರ್ಷಕ್ಕೆ ಯಾರೂ ಮುಚ್ಚುವುದಿಲ್ಲ.

ಆ ಸಭೆಯಾದ ಮೇಲೆ ದಾರಿಯಲ್ಲಿ ನಾವು ಆ ತಾಯಿಗೆ ಒಂದು ಮಾತು ಕೇಳಿದೆವು: "ಅವನು ಯಾರ ಹತ್ರಾನೂ ಮಾತಾಡಲ್ವಾ?" ಅವರು ಸ್ವಲ್ಪ ಯೋಚಿಸಿ, "ಅತ್ತೆ ಹತ್ರ ಮಾತಾಡ್ತಾನೆ. ರಾತ್ರಿ ಅವರ ಕಾಲು ಒತ್ತುತಾ ಏನೋ ಹೇಳ್ತಿರ್ತಾನೆ" ಎಂದರು. ತಾನು ಕೂಸನ್ನು ಬಿಟ್ಟುಹೋದೆ ಎಂದು ಹದಿನೈದು ವರ್ಷ ಅತ್ತ ತಾಯಿ, ಬಿಟ್ಟದ್ದು ಎಂಥ ಮಡಿಲಿಗೆ ಎಂದು ಲೆಕ್ಕ ಹಾಕಿರಲಿಲ್ಲ. ಹುಡುಗ ಈಗಲೂ ಹೆಚ್ಚು ಮಾತಿನವನಲ್ಲ. ಫೇಲಾದ ವಿಷಯಗಳಿಗೆ ಟ್ಯೂಷನ್‌ಗೆ ಹೋಗುತ್ತಿದ್ದಾನೆ, ಅದರ ಫೀಸಿಗೆ ಸಂಘದಿಂದ ಸಾಲ ಕೊಟ್ಟಿದ್ದಾರೆ. ಅಮ್ಮ ಮಾತ್ರ 'ಕೆಡಿಸಿದೆ' ಅನ್ನುವ ಮಾತು ಬಿಟ್ಟಿದ್ದಾರೆ.

ನೆನಪಿರಲಿ, ಈ ಕರೆಗಳಿಗೆ ಹಣವಿಲ್ಲ

ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್: 14416 (ಕನ್ನಡದಲ್ಲೇ ಮಾತಾಡಬಹುದು)
ಮಕ್ಕಳ ಸಹಾಯವಾಣಿ: 1098
ಮಹಿಳಾ ಸಹಾಯವಾಣಿ: 181
ಹಿರಿಯರ ಸಹಾಯವಾಣಿ: 14567

ಮುಂದಿನ ಸಭೆಯಲ್ಲಿ ಚರ್ಚಿಸೋಣ

1. ನಾವು ಚಿಕ್ಕವರಿದ್ದಾಗ ನಮಗೆ ಆಸರೆಯಾಗಿದ್ದ ಒಂದು ಜೀವ ಯಾರು? ಅವರು ಏನು ಮಾಡುತ್ತಿದ್ದರು?
2. ನಮ್ಮ ಮನೆಯಲ್ಲಿ ಈಗ ಯಾವ ಯಾವ ಹಂತದವರು ಇದ್ದಾರೆ? ಅವರ ಮನಸ್ಸು ಈಗ ಏನು ಕೇಳುತ್ತಿದೆ?
3. ನಮ್ಮ ಸಂಘದಲ್ಲಿ ಅಥವಾ ಬೀದಿಯಲ್ಲಿ ಬಸುರಿ, ಬಾಣಂತಿ, ಒಂಟಿ ವೃದ್ಧರು ಯಾರಿದ್ದಾರೆ? ಈ ವಾರ ಅವರ ಮನೆಗೆ ಯಾರು ಹೋಗಿ ಬರುತ್ತೀರಿ? ಹೆಸರು ಬರೆದು ನಿರ್ಣಯ ಪುಸ್ತಕದಲ್ಲಿ ದಾಖಲಿಸಿ.
4. ಯಾರ ಮನೆಯ ಯಾವ ಮಗುವಿಗೆ ನಾವು ಆ 'ಒಬ್ಬರು' ಆಗಬಹುದು?

ಓದಲು ಬಾರದ ಸದಸ್ಯೆಯರಿಗೆ ಇದನ್ನು ಒಬ್ಬರು ಗಟ್ಟಿಯಾಗಿ ಓದಿ ಹೇಳಿ. ಒಂದೇ ಸಲಕ್ಕೆ ಎಲ್ಲ ಓದಬೇಕೆಂದಿಲ್ಲ, ವಾರಕ್ಕೆ ಎರಡು ಹಂತ ಓದಿದರೂ ಸಾಕು. ಮನೆಗೆ ಹೋದ ಮೇಲೆ ಅತ್ತೆಗೂ ಸೊಸೆಗೂ ಹೇಳುವುದನ್ನು ಮರೆಯಬೇಡಿ.